ಬುತ್ತಿಯೊಳಗಿನ ಡೇಟಾಬೇಸ್

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಹೊಲಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋಗುತ್ತಾರೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ... ಹೊಲದಲ್ಲಿ ಒಲೆ ಇದೆಯೋ, ಉಪ್ಪು ಸಿಗುತ್ತದೋ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ತಂತ್ರಾಂಶಗಳ ಲೋಕದಲ್ಲೂ ಹೀಗೆ ಬುತ್ತಿ ಕಟ್ಟುವ ಪದ್ಧತಿ ಇದೆ. ಒಂದು ತಂತ್ರಾಂಶ ತನಗೆ ಬೇಕಾದ ಡೇಟಾಬೇಸನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡು ಬರುತ್ತದೆ. ಈ ಬರಹ ಆ ಬುತ್ತಿಯ ಚರಿತ್ರೆ.

ಇದ್ಯಾವ ಚರಿತ್ರೆನಪ್ಪಾ ಎಂದು ಮೂಗು ಮುರಿಯಬೇಡಿ! ನಿಮ್ಮ ಹೊಲದ ಪಹಣಿ, ನಿಮ್ಮೂರಿನ ಅಂಗಡಿಯ ಲೆಕ್ಕ, ನಿಮ್ಮ ಜೇಬಿನ ಫೋನಿನಲ್ಲಿರುವ ಹೆಸರು-ನಂಬರು, ಎಲ್ಲವೂ ಒಂದಲ್ಲ ಒಂದು ಡೇಟಾಬೇಸಿನಲ್ಲೇ ಕೂತಿವೆ. ಅದರ ಹೆಸರು ನಿಮಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಬಿದ್ದಿಲ್ಲ. ಆದರೆ ಅದು ಕೈಕೊಟ್ಟ ದಿನ ಬೆಳೆಸಾಲದ ಅರ್ಜಿ ನಿಲ್ಲುತ್ತದೆ, ಹೊಲದ ವ್ಯಾಜ್ಯ ನಿಲ್ಲುತ್ತದೆ, ವರ್ಷದ ಲೆಕ್ಕ ನಿಲ್ಲುತ್ತದೆ.

ಮೊದಲು ಒಂದೆರಡು ಮಾತು ವಿವರಣೆ. ಡೇಟಾಬೇಸ್ (ದತ್ತಸಂಚಯ ಅಂತಲೂ ಕರೆಯುತ್ತಾರೆ) ಎಂದರೆ ಮಾಹಿತಿಯನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟು, ಕೇಳಿದಾಗ ತಟ್ಟನೆ ಹುಡುಕಿಕೊಡುವ ವ್ಯವಸ್ಥೆ. ನಾವು ತೆರೆಯ ಮೇಲೆ ನೋಡುವ ಗುಂಡಿಗಳು, ಫಾರಂಗಳು ಮೇಲಿನ ತಂತ್ರಾಂಶ. ಅದರ ಕೆಳಗೆ ಬರೆಯುವ, ಹುಡುಕುವ, ಇಬ್ಬರು ಒಂದೇ ಹೊತ್ತಿಗೆ ಒಂದೇ ಸಾಲನ್ನು ತಿದ್ದಿ ಕೆಡಿಸದಂತೆ ಕಾಯುವ ಇನ್ನೊಂದು ತಂತ್ರಾಂಶ ಇರುತ್ತದೆ. ಅದೇ ಡೇಟಾಬೇಸ್ ಇಂಜಿನ್. ಈ ಇಂಜಿನ್ನನ್ನು ಗಿರಾಕಿಗೆ ತಲುಪಿಸಲು ಎರಡು ದಾರಿ. ಗಿರಾಕಿಯೇ ಅದನ್ನು ಬೇರೆಯಾಗಿ ಕೊಂಡು, ನೋಡಿಕೊಳ್ಳಲು ಒಬ್ಬ ಜಾಣನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಒಂದು. ತಂತ್ರಾಂಶ ಬರೆದವರೇ ಅದನ್ನು ಒಳಗೆ ಸೇರಿಸಿ ಕೊಟ್ಟುಬಿಡುವುದು ಇನ್ನೊಂದು. ಬೆಂಗಳೂರಿನ ದೊಡ್ಡ ಬ್ಯಾಂಕಿಗೆ ಮೊದಲನೆಯದು ನಡೆದೀತು. ತಾಲೂಕು ಊರಿನ ಅಂಗಡಿಗೆ ಎರಡನೆಯದೇ ಗತಿ.

ಫ್ಲಾಪಿಯಲ್ಲಿ ಬಂದ ಮೊದಲ ಬುತ್ತಿ

1980ರ ದಶಕದ ಆರಂಭದಲ್ಲಿ ಅಮೆರಿಕದ ಆಷ್ಟನ್-ಟೇಟ್ ಕಂಪನಿ ಡಿಬೇಸ್ ಎಂಬ ಡೇಟಾಬೇಸ್ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಮೂಲದಲ್ಲಿ ಅದನ್ನು ಬರೆದವರು ವೇಯ್ನ್ ರ್ಯಾಟ್ಲಿಫ್. ಸಣ್ಣ ಗಣಕಗಳಲ್ಲಿ ಸಂಬಳದ ಪಟ್ಟಿ, ದಾಸ್ತಾನು, ಬಾಕಿ ಲೆಕ್ಕ ಬರೆಯಲು ಅದು ಬಹಳ ಅನುಕೂಲವಾಯಿತು. ಆದರೆ ಒಂದು ತೊಡಕಿತ್ತು. ನೀವು ಡಿಬೇಸ್‌ನಲ್ಲಿ ಒಂದು ಲೆಕ್ಕದ ತಂತ್ರಾಂಶ ಬರೆದು ಪಕ್ಕದ ಅಂಗಡಿಗೆ ಕೊಟ್ಟರೆ, ಅದು ಓಡಲು ಆ ಅಂಗಡಿಯವನೂ ಡಿಬೇಸ್ ಕೊಳ್ಳಬೇಕಾಗಿತ್ತು.

1985ರಲ್ಲಿ ನ್ಯಾನ್‌ಟಕೆಟ್ ಎಂಬ ಕಂಪನಿ ಕ್ಲಿಪ್ಪರ್ ತಂದಿತು. ಡಿಬೇಸ್ ಭಾಷೆಯಲ್ಲಿ ಬರೆದದ್ದನ್ನು ಅದು ತಾನೇ ಓಡುವ ಒಂದು ಕಡತವಾಗಿ ಕಟ್ಟಿಕೊಡುತ್ತಿತ್ತು. ಇಂಜಿನ್ ಒಳಗೇ! ಗಿರಾಕಿ ಬೇರೇನೂ ಕೊಳ್ಳಬೇಕಿರಲಿಲ್ಲ, ಫ್ಲಾಪಿ ಹಾಕಿ ನಕಲು ಮಾಡಿಕೊಂಡರೆ ಮುಗಿಯಿತು. ಸಣ್ಣ ಗಣಕದಲ್ಲಿ ಡೇಟಾಬೇಸ್ ಬುತ್ತಿ ಊರೂರಿಗೆ ಹರಡಿದ್ದು ಹೀಗೆ. ಆಮೇಲೆ ಫಾಕ್ಸ್‌ಪ್ರೊ ಬಂತು. 1992ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ನಮ್ಮ ದೇಶದ ಕಚೇರಿ, ಸಂಘ, ಅಂಗಡಿಗಳಲ್ಲಿ 1990ರ ದಶಕದ ಲೆಕ್ಕಪತ್ರದ ದೊಡ್ಡ ಪಾಲು ಇವುಗಳ ಮೇಲೆಯೇ ನಡೆಯಿತು.

ಇವುಗಳಲ್ಲಿ ಮಾಹಿತಿ ಡಿಬಿಎಫ್ ಎಂಬ ಕಡತದಲ್ಲಿ, ಹುಡುಕಲು ಬೇಕಾದ ಸೂಚಿ ಪಕ್ಕದ ಇನ್ನೊಂದು ಕಡತದಲ್ಲಿ ಇರುತ್ತಿತ್ತು. ಬರೆಯುವ ಹೊತ್ತಿಗೇ ಕರೆಂಟು ಹೋದರೆ (ನಮ್ಮ ಕಡೆ ಇದು ವಿಶೇಷವೇನಲ್ಲ ಬಿಡಿ) ಎರಡಕ್ಕೂ ತಾಳೆ ತಪ್ಪುತ್ತಿತ್ತು. ದಾಖಲೆ ಇದ್ದೂ ಹುಡುಕಿದರೆ ಸಿಗದು! ಸೂಚಿಯನ್ನು ಮತ್ತೆ ಮೊದಲಿಂದ ಕಟ್ಟಬೇಕು. ಆದರೂ ಡಿಬಿಎಫ್‌ಗೆ ಒಂದು ದೊಡ್ಡ ಗುಣವಿತ್ತು. ಅದರ ರಚನೆ ಎಲ್ಲರಿಗೂ ಗೊತ್ತಿತ್ತು. ಕಂಪನಿ ಮುಚ್ಚಿತು, ಕ್ಲಿಪ್ಪರ್ ಮರೆಯಾಯಿತು, ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2015ರ ಜನವರಿಗೆ ಮುಗಿಯಿತು. ಅಷ್ಟಾದರೂ ಆ ಹಳೆಯ ಕಡತವನ್ನು ಇಂದಿನ ಲಿಬ್ರೆಆಫೀಸ್ ತೆರೆಯುತ್ತದೆ. ಬುತ್ತಿ ಕಟ್ಟಿದವನು ಹೋದರೂ ಗಂಟು ಬಿಚ್ಚಲು ಬರುತ್ತದೆ.

ಕನ್ನಡದ ಮಾಹಿತಿಯ ಪಾಡು ಮಾತ್ರ ಬೇರೆ. ಡಾಸ್ ಕಾಲದಲ್ಲಿ ಕನ್ನಡ ಬೇಕೆಂದರೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಗಣಕದೊಳಗೆ ಕೂರಿಸಬೇಕಿತ್ತು. ಕಾರ್ಡ್ ಇಲ್ಲದ ಗಣಕದಲ್ಲಿ ಅದೇ ಕಡತ ತೆರೆದರೆ ಚಿತ್ರವಿಚಿತ್ರ ಗುರುತುಗಳು. ವಿಂಡೋಸ್ ಬಂದ ಮೇಲೆ ಫಾಂಟುಗಳ ಜಾತ್ರೆ ಶುರುವಾಯಿತು. ಒಂದೊಂದು ಕಂಪನಿಯ ಫಾಂಟಿಗೆ ಒಂದೊಂದು ಸಂಕೇತ. ಅಕ್ಷರಗಳ ಬದಲು ಅಕ್ಷರದ ತುಂಡುಗಳನ್ನು ಉಳಿಸಿದ್ದರಿಂದ ಅಕಾರಾದಿಯಾಗಿ ಜೋಡಿಸೆಂದರೆ ಡೇಟಾಬೇಸ್ ತಬ್ಬಿಬ್ಬು. ಅಂದರೆ ಕನ್ನಡಿಗರ ಬುತ್ತಿಯಲ್ಲಿ ಇಂಜಿನ್ ಒಂದೇ ಇದ್ದರೆ ಸಾಲದು, ಫಾಂಟು, ಕೀಲಿಮಣೆ ತಂತ್ರಾಂಶ, ಕೆಲವೊಮ್ಮೆ ಒಂದು ಕಾರ್ಡು, ಎಲ್ಲವೂ ಬೇಕಿತ್ತು. ಯೂನಿಕೋಡ್ ಬಂದು ನೆಲೆ ನಿಲ್ಲುವ ತನಕ ಈ ಪಾಡು ತಪ್ಪಲಿಲ್ಲ.

ಬೆಂಗಳೂರಿನ ಬುತ್ತಿ: ಟ್ಯಾಲಿ

ಬುತ್ತಿ ಕಟ್ಟುವುದರಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಒಂದು ದೊಡ್ಡ ಉದಾಹರಣೆ ಇದೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಎಂಬ ಕಂಪನಿ ಶುರುಮಾಡಿದರು. ತಂದೆಯ ವ್ಯಾಪಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗದೆ ಮಗ ತಾನೇ ಬರೆದದ್ದು ಮುಂದೆ ಟ್ಯಾಲಿ ಆಯಿತು. 1999ರಲ್ಲಿ ಕಂಪನಿಯ ಹೆಸರೂ ಟ್ಯಾಲಿ ಸಲ್ಯೂಷನ್ಸ್ ಎಂದಾಯಿತು.

ಟ್ಯಾಲಿ ಬೇರೆಯವರ ಡೇಟಾಬೇಸನ್ನು ನೆಚ್ಚಿಕೊಳ್ಳಲಿಲ್ಲ. ತನ್ನದೇ ಇಂಜಿನ್ ಕಟ್ಟಿಕೊಂಡು ಅದನ್ನು ತನ್ನೊಳಗೇ ಇಟ್ಟುಕೊಂಡಿತು. ಹಾಕುವಾಗ ಡೇಟಾಬೇಸ್ ಯಾವುದು, ಪಾಸ್‌ವರ್ಡ್ ಏನು ಎಂಬ ಪ್ರಶ್ನೆಯೇ ಇಲ್ಲ. ಒಂದು ಸಂಸ್ಥೆಯ ಲೆಕ್ಕ ಅಂದರೆ ಅಂಕಿಯ ಹೆಸರಿನ ಒಂದು ಫೋಲ್ಡರ್. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಸೀಮೆಯಾದ ಸಿಂಧನೂರಿನಂಥ ಊರಿಗೆ ಇದು ಹೇಳಿಮಾಡಿಸಿದ ವ್ಯವಸ್ಥೆ. ಅಕ್ಕಿ ಗಿರಣಿಯ ಗುಮಾಸ್ತರಿಗೆ ಭತ್ತದ ಚೀಲ, ಹಮಾಲಿ, ಕಮಿಷನ್, ತೆರಿಗೆ ಗೊತ್ತು. ಡೇಟಾಬೇಸ್ ಆಡಳಿತ ಅವರ ಕೆಲಸವಲ್ಲ. ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಆಡಿಟರ್ ಹತ್ತಿರ ಹೋದರೆ ಆಯಿತು. 2005ರ ಏಪ್ರಿಲ್‌ನಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಾಗಲೂ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಲೂ ಇಂಥ ಊರುಗಳ ವ್ಯಾಪಾರ ಗಣಕದ ಲೆಕ್ಕಕ್ಕೆ ಹೊಂದಿಕೊಂಡಿದ್ದರಲ್ಲಿ ಈ ಸರಳತೆಯ ಪಾಲು ದೊಡ್ಡದು.

ಹಾಗಾದರೆ ತೊಂದರೆಯೇ ಇಲ್ಲವೇ? ಇದೆ. ಆ ಫೋಲ್ಡರಿನೊಳಗಿನ ಕಡತಗಳನ್ನು ಓದಲು ಟ್ಯಾಲಿಯೇ ಬೇಕು. ಹಳೆಯ ಆವೃತ್ತಿಯ ಲೆಕ್ಕವನ್ನು ಹೊಸ ಆವೃತ್ತಿಗೆ ಪರಿವರ್ತಿಸಿಕೊಳ್ಳಬೇಕು. ಆದರೆ ಟ್ಯಾಲಿಯವರು ಲೆಕ್ಕವನ್ನು ಎಕ್ಸೆಲ್, ಎಕ್ಸ್‌ಎಂಎಲ್ ರೂಪದಲ್ಲಿ ಹೊರತೆಗೆಯುವ ಬಾಗಿಲುಗಳನ್ನೂ ಇಟ್ಟರು. ಈ ಬಾಗಿಲಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ತಾಲೂಕು ಕಚೇರಿಗೆ ಬಂದ ಪೆಟ್ಟಿಗೆ

ಈಗ ಪಹಣಿಯ ಕಡೆ ಬರೋಣ. ನಿಜಾಮರ ಕಾಲದಲ್ಲಿ ನಮ್ಮ ಸೀಮೆಯ ಕಂದಾಯದ ಕಾಗದಗಳು ಉರ್ದುವಿನಲ್ಲಿದ್ದವು. ಲಿಂಗಸುಗೂರು ಆಗ ಒಂದು ಜಿಲ್ಲೆಯೇ ಆಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದುಮಾಡಲಾಯಿತು, ಲಿಂಗಸುಗೂರು ರಾಯಚೂರು ಜಿಲ್ಲೆಗೆ ಸೇರಿತು. 1956ರಲ್ಲಿ ರಾಯಚೂರು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಹೀಗೆ ಗಡಿ ಬದಲಾದಾಗಲೆಲ್ಲ ಕಡತಗಳ ಗಂಟು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿದೆ. ಭಾಷೆ ಬದಲಾದ ಮೇಲೆ ಹಳೆಯ ಕಾಗದ ಓದಲು ಉರ್ದು ಬಲ್ಲವರನ್ನು ಹುಡುಕಬೇಕಾಗಿದೆ. ಗಣಕ ಬರುವುದಕ್ಕೂ ಮುಂಚಿನ 'ಹಳೇ ಫಾರ್ಮ್ಯಾಟ್' ಸಮಸ್ಯೆ ಇದು!

ಕರ್ನಾಟಕದಲ್ಲಿ ಭೂದಾಖಲೆಯನ್ನು ಗಣಕಕ್ಕೆ ತರುವ ಮೊದಲ ಪ್ರಯೋಗ 1991ರಲ್ಲಿ ನಮ್ಮ ಪಕ್ಕದ ಗುಲಬರ್ಗಾ ಜಿಲ್ಲೆಯಲ್ಲಿ ಶುರುವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತು. ಆದರೆ ಆ ಯೋಜನೆಯಲ್ಲಿ ಮುಖ್ಯ ಕೊರತೆಯೊಂದಿತ್ತು. ದಾಖಲೆಗಳನ್ನು ಒಮ್ಮೆ ಟೈಪ್ ಮಾಡಿ ತುಂಬಬಹುದಿತ್ತು, ತಾಲೂಕಿನಲ್ಲಿ ದಿನದಿನಕ್ಕೆ ತಿದ್ದುವ ಏರ್ಪಾಡು ಇರಲಿಲ್ಲ. ಹೊಲ ಮಾರಾಟವಾಗುತ್ತದೆ, ಅಣ್ಣತಮ್ಮಂದಿರು ಪಾಲಾಗುತ್ತಾರೆ, ಸಾಲದ ಬೋಜಾ ಏರುತ್ತದೆ, ಇಳಿಯುತ್ತದೆ. ತಿದ್ದಲಾಗದ ದಾಖಲೆ ಮಾರನೇ ದಿನವೇ ಹಳಸಿದ ಬುತ್ತಿ.

ಇದನ್ನು ಸರಿಪಡಿಸಿದ್ದು 'ಭೂಮಿ' ಯೋಜನೆ. ಕಂದಾಯ ಇಲಾಖೆಯ ಪರವಾಗಿ ಮುಂದೆ ನಿಂತವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ). ಆಗ ರಾಜ್ಯದಲ್ಲಿದ್ದ 170ಕ್ಕೂ ಹೆಚ್ಚು ತಾಲೂಕು ಕಚೇರಿಗಳಿಗೆ ಒಂದೇ ಬಗೆಯ ಪೂರ್ತಿ ಪೆಟ್ಟಿಗೆ ಹೋಯಿತು. ಅದರಲ್ಲಿ ಒಂದು ಸರ್ವರ್, ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್, ಅದರ ಮೇಲೆ ಎನ್‌ಐಸಿಯ ತಂತ್ರಾಂಶ, ಕನ್ನಡಕ್ಕೆ ಸಿ-ಡ್ಯಾಕ್‌ನ ಭಾಷಾ ತಂತ್ರಾಂಶ, ಯಾರು ತಿದ್ದಿದರೆಂದು ಹಿಡಿಯಲು ಬೆರಳಚ್ಚಿನ ಯಂತ್ರ. ಟ್ಯಾಲಿಯಂತೆ ಇಲ್ಲಿ ಇಂಜಿನ್ ತಂತ್ರಾಂಶದ ಹೊಟ್ಟೆಯೊಳಗೆ ಇರಲಿಲ್ಲ, ಪಕ್ಕದಲ್ಲಿತ್ತು. ಆದರೆ ಯಾವ ತಹಸೀಲ್ದಾರರೂ ಅದನ್ನು ಬೇರೆಯಾಗಿ ಆರಿಸಲಿಲ್ಲ, ಕೊಳ್ಳಲಿಲ್ಲ. ಎಲ್ಲ ಸೇರಿ ಒಂದೇ ಗಂಟು. ಸಿಂಧನೂರಿನಲ್ಲಿ ಒಂದು, ಲಿಂಗಸುಗೂರಿನಲ್ಲಿ ಒಂದು... ಪ್ರತಿ ತಾಲೂಕಿಗೂ ತನ್ನದೇ ಪ್ರತಿ, ತನ್ನದೇ ಡೇಟಾಬೇಸ್.

ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಹೀಗೆ ಗಣಕಕ್ಕೆ ಬಂದವು. ಸುಮಾರು 9,000 ಗ್ರಾಮ ಲೆಕ್ಕಿಗರ ಚೀಲಗಳಲ್ಲಿದ್ದ ಪಹಣಿಯನ್ನು ರೈತ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಡೆಯುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಮುಗಿಸಬೇಕು, ನಡುವೆ ಯಾರದನ್ನೋ ಎಳೆದು ಮುಂದೆ ಹಾಕುವಂತಿಲ್ಲ ಎಂಬ ನಿಯಮವನ್ನು ತಂತ್ರಾಂಶವೇ ಕಾಯುತ್ತಿತ್ತು. ಕಾಗದದ ಮೇಲೆ ಇಂಥ ನಿಯಮ ಬರೆದಿಟ್ಟರೆ ಯಾರು ಕೇಳುತ್ತಿದ್ದರು ಹೇಳಿ?

ಗೊತ್ತಿಲ್ಲದೇ ಮನೆಯೊಳಗಿದ್ದ ಅತಿಥಿ

ಭೂಮಿ ಹೊಸದಾಗಿ ನಡೆಯುತ್ತಿದ್ದ ವರ್ಷಗಳಲ್ಲೇ ಬುತ್ತಿಯ ಅಪಾಯವೂ ಜಗತ್ತಿಗೆ ಗೊತ್ತಾಯಿತು. ಮೈಕ್ರೋಸಾಫ್ಟ್ ತನ್ನ ದೊಡ್ಡ ಡೇಟಾಬೇಸಿನ ಒಂದು ಚಿಕ್ಕ ರೂಪವನ್ನು ಎಂಎಸ್‌ಡಿಇ ಎಂಬ ಹೆಸರಿನಲ್ಲಿ, ಬೇರೆ ತಂತ್ರಾಂಶಗಳ ಜೊತೆ ಉಚಿತವಾಗಿ ಸೇರಿಸಿ ಹಂಚಲೆಂದೇ ಕೊಡುತ್ತಿತ್ತು. ಒಂದು ಡೇಟಾಬೇಸ್ 2 ಗಿಗಾಬೈಟ್ ದಾಟುವಂತಿಲ್ಲ ಎಂಬ ಮಿತಿ ಇತ್ತು, ಸಣ್ಣ ಕೆಲಸಕ್ಕೆ ಅದು ಸಾಕಾಗಿತ್ತು. ನೂರಾರು ಕಂಪನಿಗಳು ಅದನ್ನು ತಮ್ಮ ತಂತ್ರಾಂಶದಲ್ಲಿ ಕಟ್ಟಿ ಕಳುಹಿಸಿದವು.

2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಅಂತರಜಾಲದಲ್ಲಿ ಹರಿಯಿತು. ಅದರ ಗಾತ್ರ ಬರೀ 376 ಬೈಟ್! ಕನ್ನಡದ ಒಂದು ಸಣ್ಣ ಪ್ಯಾರಾದಷ್ಟೂ ಇಲ್ಲ. ಸಿಕ್ಕಿಬೀಳಬಹುದಾದ ಗಣಕಗಳಲ್ಲಿ ಹೆಚ್ಚಿನವು ಹತ್ತು ನಿಮಿಷದೊಳಗೇ ಅದರ ಪಾಲಾದವು. ಅದು ನುಗ್ಗಿದ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ 2002ರ ಜುಲೈನಲ್ಲೇ ಬಿಡುಗಡೆ ಮಾಡಿತ್ತು. ಮತ್ಯಾಕೆ ಇಷ್ಟು ಹಾನಿ? ಒಂದು ಮುಖ್ಯ ಕಾರಣ ಇದು: ತಮ್ಮ ಗಣಕದಲ್ಲಿ ಅಂಥದ್ದೊಂದು ಡೇಟಾಬೇಸ್ ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಇನ್ಯಾವುದೋ ತಂತ್ರಾಂಶ ಹಾಕಿದಾಗ ಅದೂ ಜೊತೆಗೆ ಬಂದಿತ್ತು. ಇದೆ ಎಂದೇ ಗೊತ್ತಿಲ್ಲದ ಬಾಗಿಲಿಗೆ ಅಗುಳಿ ಹಾಕುವವರು ಯಾರು?

ಇಂಥ ಇಂಜಿನ್ನುಗಳಿಗೆ ಬೇರೆಯೇ ದಾರಿ ತೋರಿಸಿದ್ದು ಎಸ್‌ಕ್ಯುಎಲೈಟ್. ಅದನ್ನು 2000ದಲ್ಲಿ ಬರೆದವರು ಅಮೆರಿಕದ ರಿಚರ್ಡ್ ಹಿಪ್. ಯುದ್ಧನೌಕೆಯೊಂದಕ್ಕೆ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದಾಗ, ಬೇರೆಯಾಗಿ ಓಡುವ ಡೇಟಾಬೇಸ್ ಸರ್ವರ್ ನಿಂತುಹೋದರೆ ತಮ್ಮ ತಂತ್ರಾಂಶವೂ ಕೈಕಟ್ಟಿ ಕೂರುವುದನ್ನು ಕಂಡು, ಸರ್ವರೇ ಬೇಡದ ಇಂಜಿನ್ ಬರೆದರು. ಇಡೀ ಡೇಟಾಬೇಸ್ ಒಂದೇ ಒಂದು ಕಡತ. ಹಕ್ಕುಸ್ವಾಮ್ಯವನ್ನೂ ಬಿಟ್ಟುಕೊಟ್ಟು ಸಾರ್ವಜನಿಕರ ಸ್ವತ್ತು ಮಾಡಿದರು. ಇಂದು ಆಂಡ್ರಾಯ್ಡ್ ಫೋನು, ಐಫೋನು, ಫೈರ್‌ಫಾಕ್ಸ್, ಎಲ್ಲದರೊಳಗೂ ಅದು ಇದೆ. ಮಸ್ಕಿಯ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವರ ಫೋನಿನಲ್ಲೂ! ಅದರ ಕಡತದ ರಚನೆ ಬಹಿರಂಗವಾಗಿ ಬರೆದಿಟ್ಟದ್ದು. ಮಾಹಿತಿ ಕಾಪಿಡಲು ಒಪ್ಪುವ ರೂಪಗಳಲ್ಲಿ ಒಂದೆಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಪಟ್ಟಿಮಾಡಿದೆ. 2050ರವರೆಗೆ ಬೆಂಬಲ ಕೊಡುವ ಗುರಿ ಇದೆ ಎಂದು ಬರೆದವರು ಹೇಳಿದ್ದಾರೆ. ಬಿಚ್ಚಲು ಬರುವ ಬುತ್ತಿ ಎಂದರೆ ಇದು.

ಮಸ್ಕಿ ತಾಲೂಕಾದಾಗ

ಮತ್ತೆ ನಮ್ಮೂರಿಗೆ ಬರೋಣ. ಭೂಮಿಯ ಮಾಹಿತಿ ತಾಲೂಕಿನ ಸರ್ವರ್‌ಗಳಿಂದ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ಹೋಬಳಿಗಳಲ್ಲಿ ಮೊದಲು ನೆಮ್ಮದಿ ಕೇಂದ್ರಗಳು, 2012ರ ಕೊನೆಯಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. ಪಹಣಿಗೆ ತಾಲೂಕು ಊರಿಗೇ ಹೋಗಬೇಕೆಂಬುದು ತಪ್ಪಿತು. ಸೈಬರ್ ಅಂಗಡಿಯಲ್ಲೂ ಸಿಗುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವ ಬದಲು ಎಲ್ಲರೂ ಒಂದೇ ದೊಡ್ಡ ಖಾನಾವಳಿಯಲ್ಲಿ ಉಣ್ಣುವ ಹಾಗೆ ಅನ್ನಿ. ಲಾಭ ದೊಡ್ಡದು. ಆದರೆ ಖಾನಾವಳಿ ಬಾಗಿಲು ಹಾಕಿದರೆ ಇಡೀ ಊರು ಉಪವಾಸ. "ಸರ್ವರ್ ಇಲ್ರೀ, ನಾಳಿ ಬರ್ರಿ" ಎಂಬ ಮಾತು ಕೇಳದ ರೈತ ನಮ್ಮ ಕಡೆ ಇದ್ದಾನೆಯೇ?

ಇದರ ನಡುವೆ 2017ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 49 ಹೊಸ ತಾಲೂಕುಗಳನ್ನು ಘೋಷಿಸಿತು. ರಾಯಚೂರು ಜಿಲ್ಲೆಯಲ್ಲಿ ಮಸ್ಕಿ, ಸಿರವಾರ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲೂಕುಗಳ ಹಳ್ಳಿಗಳನ್ನು ತೆಗೆದು ಮಸ್ಕಿ ತಾಲೂಕು ಮಾಡಿದರು. ಪಹಣಿ ಹುಡುಕುವಾಗ ಏನೇನು ಕೇಳುತ್ತದೆ ನೆನಪಿಸಿಕೊಳ್ಳಿ: ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ತಾಲೂಕು ಬದಲಾಯಿತೆಂದರೆ ಹೊಲದ ವಿಳಾಸವೇ ಬದಲಾದಂತೆ. ಹೊಲ ಒಂದಿಂಚೂ ಕದಲಿಲ್ಲ, ಡೇಟಾಬೇಸಿನಲ್ಲಿ ಮಾತ್ರ ಹಳ್ಳಿಗೆ ಹಳ್ಳಿಯೇ ಮನೆ ಬದಲಾಯಿಸಬೇಕು. ಅಜ್ಜನ ಕಾಲದ ಖರೀದಿ ಪತ್ರದಲ್ಲಿ ಒಂದು ತಾಲೂಕು, ಇವತ್ತಿನ ಪಹಣಿಯಲ್ಲಿ ಇನ್ನೊಂದು. ತಾಲೂಕಿಗೊಂದು ಬುತ್ತಿ ಕಟ್ಟಿದ್ದ ಕಾಲದಲ್ಲೇ ಇದು ನಡೆದಿದ್ದರೆ ಮೂರು ಗಂಟು ಬಿಚ್ಚಿ ನಾಲ್ಕನೆಯದನ್ನು ಕಟ್ಟಬೇಕಿತ್ತು. ಎಲ್ಲ ಕಡೆ ಒಂದೇ ಇಂಜಿನ್, ಒಂದೇ ರಚನೆ ಇಟ್ಟಿದ್ದರ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ಒಂದೊಂದು ತಾಲೂಕು ತನಗೆ ತೋಚಿದ ತಂತ್ರಾಂಶ ಹಾಕಿಕೊಂಡಿದ್ದರೆ ದೇವರೇ ಗತಿ.

ಅಂದ ಹಾಗೆ, ದಾಖಲೆ ಉಳಿಯುವ ಮಾತು ಬಂದಾಗ ಮಸ್ಕಿಯ ಬಂಡೆಯನ್ನು ಮರೆಯುವುದು ಹೇಗೆ? 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಬೀಡನ್ ಅಲ್ಲಿ ಕಂಡ ಶಾಸನ, 'ದೇವಾನಾಂಪ್ರಿಯ' ಎಂದು ಬರೆಸಿದ ರಾಜ ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿತು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಲ್ಲು ಉಳಿದಿತ್ತು, ಅಕ್ಷರವೂ ಉಳಿದಿತ್ತು. ಆದರೆ ಬ್ರಾಹ್ಮಿ ಓದುವ ವಿದ್ಯೆಯೇ ಜನಕ್ಕೆ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿರದಿದ್ದರೆ ಮಸ್ಕಿಯ ಬಂಡೆ ಬರೀ ಬಂಡೆ. ಮಾಹಿತಿ ಇದ್ದರೆ ಸಾಲದು, ಅದನ್ನು ಓದುವ ಕೀಲಿಯೂ ಉಳಿಯಬೇಕು. ಡಿಬಿಎಫ್ ಉಳಿದದ್ದು, ಎಷ್ಟೋ ಕಂಪನಿಗಳ ಗುಟ್ಟಿನ ಕಡತಗಳು ಸತ್ತದ್ದು ಇದೇ ಕಾರಣಕ್ಕೆ.

ಈ ನಲವತ್ತು ವರ್ಷದ ಚರಿತ್ರೆ ಕಲಿಸುವುದು ಇಷ್ಟೇ. ಬುತ್ತಿ ಕಟ್ಟುವುದು ತಪ್ಪಲ್ಲ, ಅದಿಲ್ಲದಿದ್ದರೆ ಸಿಂಧನೂರಿನ ಗಿರಣಿಗೂ ಲಿಂಗಸುಗೂರಿನ ತಾಲೂಕು ಕಚೇರಿಗೂ ಗಣಕ ಅಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಕಟ್ಟುವಾಗಲೇ ಬಿಚ್ಚುವ ಯೋಚನೆ ಮಾಡಿರಬೇಕು. ಅಂಗಡಿಗೋ ಸೊಸೈಟಿಗೋ ಶಾಲೆಗೋ ಹೊಸ ತಂತ್ರಾಂಶ ಕೊಳ್ಳುವಾಗ ಮಾರುವವರನ್ನು ನಾಲ್ಕು ಮಾತು ಕೇಳಿ. ಒಳಗಿರುವ ಡೇಟಾಬೇಸ್ ಯಾವುದು, ಅದಕ್ಕೆ ತೇಪೆ ಹಾಕುವವರು ಯಾರು? ನಾಳೆ ನಿಮ್ಮ ಕಂಪನಿ ಮುಚ್ಚಿದರೆ ನನ್ನ ಲೆಕ್ಕ ಹೊರತೆಗೆಯಲು ಬಾಗಿಲಿದೆಯೇ? ಕನ್ನಡ ಯೂನಿಕೋಡಿನಲ್ಲಿ ಇದೆಯೇ? ಬ್ಯಾಕಪ್ಪನ್ನು ಇನ್ನೊಂದು ಗಣಕದಲ್ಲಿ ತೆರೆದು ತೋರಿಸುತ್ತೀರಾ? ನಾಲ್ಕನೆಯದಕ್ಕೆ ತಡವರಿಸಿದರೆ ದುಡ್ಡು ಕೊಡಬೇಡಿ.

ಇನ್ನು ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಗಣಕವೊಂದು ಧೂಳು ಹಿಡಿದು ಕೂತಿದ್ದರೆ, ಅದನ್ನು ಗುಜರಿಗೆ ಹಾಕುವ ಮುಂಚೆ ಒಳಗೆ ಡಿಬಿಎಫ್ ಕಡತಗಳಿವೆಯೇ ನೋಡಿ. ತೆರೆದುಕೊಂಡರೆ ಆ ಅಂಗಡಿಯ 1990ರ ದಶಕದ ಬಾಕಿ ಪಟ್ಟಿಯೇ ಸಿಕ್ಕೀತು. ಯಾರು ಎಷ್ಟು ಚೀಲ ಭತ್ತ ಹಾಕಿದರು, ಯಾರು ಇನ್ನೂ ಕೊಟ್ಟಿಲ್ಲ ಎಂಬುದು ಸಹಿತ!